ಬದುವಿಗೆಂದು ತಂದ ಮಾವಿನ ಸಸಿ

ಎಂಬತ್ತರ ದಶಕದ ಆರಂಭದಲ್ಲಿ, ಅಪ್ಪ ತೀರಿಕೊಂಡ ಮರುವರ್ಷ, ನನ್ನ ಇಬ್ಬರು ಅಣ್ಣಂದಿರು ಪಾಲಾದರು. ಶಲವಡಿ ಕಡೆಯ ನಮ್ಮ ಎರೆಹೊಲದ ನಡುವೆ ಒಂದು ಬದು ಎದ್ದಿತು, ಮನೆಯೊಳಗೆ ಒಂದು ಗೋಡೆ ಎದ್ದಿತು. ಜೋಡೆತ್ತುಗಳನ್ನು ಆಳಿಗೊಂದರಂತೆ ಹಂಚಿಕೊಂಡರು. ಒಂದೇ ಎತ್ತು ಕಟ್ಟಿಕೊಂಡು ಯಾವ ಮಹಾರಾಯನೂ ಕುಂಟೆ ಹೊಡೆಯಲಾರ. ಆದರೂ ಇಬ್ಬರೂ ಊರವರ ಮನೆಗೆ ಹೋಗಿ ಇನ್ನೊಂದು ಎತ್ತನ್ನು ಕೇಳಿ ತರುತ್ತಿದ್ದರೇ ಹೊರತು, ಗೋಡೆಯಾಚೆ ನಿಂತಿದ್ದ ಅದರ ಜೋಡಿಯನ್ನು ಮಾತ್ರ ಕೇಳಲಿಲ್ಲ. ಬದು ಈಚೆ ಸರಿದಿದೆ ಎಂದು ದೊಡ್ಡಣ್ಣನ ತಕರಾರು, ಆಚೆ ಸರಿದಿದೆ ಎಂದು ಸಣ್ಣಣ್ಣನದು. ಇಬ್ಬರ ನಡುವೆ ಮಾತು ನಿಂತು ವರ್ಷವಾಗಿತ್ತು.

ನಾನು ಆಗ ಮದುವೆಯಾಗದೆ ಮನೆಯಲ್ಲಿದ್ದವಳು. ಅವ್ವ ಒಂದು ಹೊತ್ತು ಗೋಡೆಯ ಈ ಕಡೆ, ಒಂದು ಹೊತ್ತು ಆ ಕಡೆ ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಅನ್ನುವುದು ಮಾತಿಗೆ, ರೊಟ್ಟಿ ಮುರಿದು ಕೂತಿರುತ್ತಿದ್ದಳು. ಕಡೆಗೆ ಅವಳಿಗೆ ಹೊಳೆದದ್ದು ಗಿಡ. ನಮ್ಮ ಕಡೆ ಬದುವಿನ ಮೇಲೆ ನಿಂತ ಗಿಡ ಎರಡೂ ಹೊಲದವರಿಗೆ ಸೇರಿದ್ದು. ಹಣ್ಣು ಹಂಚಿಕೊಳ್ಳಬೇಕು, ಕೊಂಬೆ ಕಡಿಯಬೇಕಾದರೂ ಇನ್ನೊಬ್ಬರನ್ನು ಕೇಳಬೇಕು. ಇಬ್ಬರು ಮಕ್ಕಳೂ ಕೂಡಿ ಕುಣಿ ತೋಡಿ ಒಂದು ಮಾವು ಹಚ್ಚಿದರೆ, ಸುಗ್ಗಿಗೊಮ್ಮೆಯಾದರೂ ಅವರು ಮಾತಾಡಲೇಬೇಕು. ತಾನಿಲ್ಲದ ಕಾಲಕ್ಕೂ ಮಾತಾಡಲೇಬೇಕು. ಇಷ್ಟೇ ಅವಳ ಲೆಕ್ಕಾಚಾರ.

ಅವ್ವ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ, ಕಲಘಟಗಿ ಕಡೆಯ ಸಸಿ ಮಾರುವವನೊಬ್ಬನಿಂದ ಕಸಿ ಮಾಡಿದ ಆಪೂಸಿನ ಸಸಿಯೊಂದನ್ನು ಆರಿಸಿ ತಂದಳು. ಕರಿಯ ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಮಣ್ಣು, ಅದರಲ್ಲಿ ನನ್ನ ಮೊಳಕೈಯಷ್ಟು ಎತ್ತರದ ಸಸಿ. ಮಾರುವವನು ಹೇಳಿದ್ದು ಹೆಚ್ಚೇನಲ್ಲ. ನೆರಳಲ್ಲಿಡಬೇಕು, ಬೇರಿನ ಮಣ್ಣು ಒಡೆಯಬಾರದು, ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ ನೀರು ಹಾಕಬೇಕು, ಜೂನಿನ ಮಿರಗದ ಮಳೆಯಾಗಿ ಹೊಲ ಹದಕ್ಕೆ ಬಂದ ಕೂಡಲೇ ಹಚ್ಚಬೇಕು. ಬಸ್ಸಿನಲ್ಲಿ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಸೀಟು ಕೇಳಿದವರಿಗೆ ನನ್ನನ್ನು ಎಬ್ಬಿಸಿ ಕೊಟ್ಟಳು.

ಹಿತ್ತಲಿನ ಬೇವಿನ ನೆರಳಲ್ಲಿ, ಆಡು ಬಾಯಿ ಹಾಕದಂತೆ, ಹಳೆಯ ಕಬ್ಬಿಣದ ಬಕೀಟಿನೊಳಗೆ ಚೀಲವನ್ನು ಇಳಿಸಿಟ್ಟೆವು. ಮಳೆಯೂ ಬಂತು. ಅವ್ವ ದೊಡ್ಡಣ್ಣನ ಹತ್ತಿರ ಹೋದಳು. ಅವನು ಮೊದಲು ಬರಲಿ, ನಾನೂ ಬರುತ್ತೇನೆ ಎಂದ. ಗೋಡೆ ಸುತ್ತಿ ಸಣ್ಣಣ್ಣನ ಹತ್ತಿರ ಹೋದಳು. ಅವನದೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಇಷ್ಟು ಒಗ್ಗಟ್ಟು ಇರುವವರಿಗೆ ಪಾಲು ಯಾಕೆ ಬೇಕಿತ್ತೋ! ಹೊಲ ಹದಕ್ಕೆ ಬಂತು. ಇಬ್ಬರೂ ತಂತಮ್ಮ ಪಾಲಿನಲ್ಲಿ ಹೆಸರು ಬಿತ್ತಿದರು. ಗಿಡ ಬಕೀಟಿನಲ್ಲೇ ಉಳಿಯಿತು.

ಆಮೇಲೆ ಎಲೆ ಹಳದಿಯಾಗತೊಡಗಿದವು. ನಾನು ಬೆರಳಿಟ್ಟು ನೋಡಿದರೆ ಮಣ್ಣು ಒದ್ದೆ. ನಾನು ನೀರು ಹಾಕಿರಲಿಲ್ಲ, ಅವ್ವನೂ ಹಾಕಿರಲಿಲ್ಲ. ಒಂದು ನಸುಕಿನಲ್ಲಿ ಕಾದು ಕೂತು ನೋಡಿದೆ. ದೊಡ್ಡಣ್ಣನ ಹೆಂಡತಿ, ನಮ್ಮ ದೊಡ್ಡ ವೈನಿ, ಬಂದು ಒಂದು ಚರಿಗೆ ನೀರು ಹೊಯ್ದು ಹೋದಳು. ಸ್ವಲ್ಪ ಹೊತ್ತಿಗೆ ಸಣ್ಣ ವೈನಿ ಬಂದು ಎರಡು ಚರಿಗೆ ಹೊಯ್ದಳು. ಗಿಡ ಒಣಗಿದರೆ ತಮ್ಮ ಮನೆಯ ಮೇಲೆ ಮಾತು ಬರಬಾರದು ಎಂದು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ನೀರು ಹಾಕುತ್ತಿದ್ದರು. ಎಲೆ ಹಳದಿಯಾದಷ್ಟೂ ನೀರು ಹೆಚ್ಚಾಗುತ್ತಿತ್ತು. ಹಾಕಿದ ನೀರು ಹೋಗಲು ಬಕೀಟಿಗೆ ತೂತಿಲ್ಲ. ಬಾವಿಯೆಲ್ಲ ಸವಳಾಗಿ, ಕುಡಿಯುವ ನೀರಿಗೆ ಕೆರೆತನಕ ಕೊಡ ಹೊರುವ ಊರಲ್ಲಿ, ನಮ್ಮ ಗಿಡ ಸಿಹಿನೀರು ಹೆಚ್ಚಾಗಿ ಸಾಯುತ್ತಿತ್ತು.

ನನಗೆ ಅಳು ಬಂತು, ಸಿಟ್ಟೂ ಬಂತು. ಬಕೀಟು ಬಗ್ಗಿಸಿದರೆ ನಾರುವ ನೀರು ಸುರಿಯಿತು. ಇಬ್ಬರು ವೈನಿಯರಿಗೂ ಕೈಮುಗಿದು ಹೇಳಿದೆ. ಆಕೆ ನಿಲ್ಲಿಸಲಿ, ನಾನೂ ನಿಲ್ಲಿಸುತ್ತೇನೆ ಎಂದರು ಇಬ್ಬರೂ. ಗಿಡವನ್ನು ಅಡುಗೆಮನೆಯ ಕಿಟಕಿಗೆ ಎತ್ತಿಟ್ಟೆ. ಚೀಲದ ತಳಕ್ಕೆ ಸೂಜಿಯಿಂದ ತೂತು ಮಾಡಿದೆ, ಒಲೆಯ ಬೂದಿ ಉದುರಿಸಿದೆ, ಗಾಳಿಗೆ ಒಯ್ದೆ, ಮತ್ತೆ ನೆರಳಿಗೆ ತಂದೆ. ಒಂದೊಂದೇ ಎಲೆ ಬೀಳುತ್ತಿತ್ತು. ಅವ್ವ ಬಿದ್ದ ಎಲೆಯನ್ನು ಎತ್ತಿ ಸೀರೆಯ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ತುದಿಯಲ್ಲಿ ನಾಲ್ಕಾರು ಎಲೆ ಉಳಿದಾಗ ಅವ್ವ ಗುದ್ದಲಿ ಎತ್ತಿಕೊಂಡಳು. ಇನ್ನು ಕಾಯಲಾರೆ, ಕುಣಿ ಕಂಡರೆ ಅವರೇ ಬರುತ್ತಾರೆ ಎಂದಳು. ಗಿಡ ಹೊತ್ತುಕೊಂಡು ನಾವಿಬ್ಬರೂ ಹೊಲಕ್ಕೆ ಹೋದೆವು. ಹಸಿ ಎರೆಮಣ್ಣು ಗುದ್ದಲಿಗೆ ಅಂಟಿ ಬಿಡುತ್ತಿರಲಿಲ್ಲ. ಒಂದು ಏಟಿಗೊಮ್ಮೆ ಕೈಯಿಂದ ಬಳಿದು ತೆಗೆಯಬೇಕು. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಸೊಂಟಮಟ್ಟದ ಕುಣಿಯಾಯಿತು.

ಅವ್ವ ಹೇಳಿದಂತೆಯೇ ಅಣ್ಣಂದಿರು ಬಂದರು, ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ. ದೊಡ್ಡಣ್ಣನ ಕೈಯಲ್ಲಿ ಅಳೆಯುವ ಹಗ್ಗವಿತ್ತು. ಗಿಡದ ಕಡೆ ಕಣ್ಣೆತ್ತಿಯೂ ನೋಡದೆ ಹಗ್ಗ ಎಳೆದ. ಮುಂದೆಯೇ ನಿಂತ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿ, "ಕುಣಿ ನನ್ನ ಹೊಲದಾಗ ಬಂದೈತಿ ಅಂತ ಹೇಳು ಅವಂಗ" ಎಂದ. ಸಣ್ಣಣ್ಣ ಹಗ್ಗದ ಇನ್ನೊಂದು ತುದಿ ನೋಡಿ, ಕುಣಿ ಅರ್ಧ ಮೊಳ ತನ್ನ ಕಡೆಗೇ ಬಂದಿದೆ ಎಂದು ಅಣ್ಣನಿಗೆ ತಿಳಿಸುವಂತೆ ನನಗೇ ಹೇಳಿದ. ಕುಣಿ ಮುಚ್ಚಬೇಕೆಂದು ಇಬ್ಬರೂ ಹಟ ಹಿಡಿದರು.

ಅವ್ವ ಅಂಚು ಹಿಡಿದು ಮೆಲ್ಲಗೆ ಕುಣಿಯೊಳಗೆ ಇಳಿದಳು. ನಾನು ಮಣ್ಣು ತೆಗೆಯಲು ಇಳಿದಳು ಅಂದುಕೊಂಡೆ. ಅವಳು ಚಕ್ಕಳಮಕ್ಕಳ ಹಾಕಿ ಕೂತಳು, ಬೆನ್ನು ನೆಟ್ಟಗೆ ಮಾಡಿದಳು, ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹೀಗೆಯೇ ಕೂರಿಸಿ ಮಣ್ಣು ಮಾಡುತ್ತಾರೆ. ಅಪ್ಪನನ್ನೂ ಹಾಗೆಯೇ ಕೂರಿಸಿದ್ದರು.

"ಅಳತಿ ಸರಿ ಆತಿಲ್ಲ? ಇಬ್ಬರೂ ಕೂಡಿ ಮಣ್ಣ ಹಾಕ್ರಿ" ಎಂದಳು.

ಅಣ್ಣಂದಿರು ಒಟ್ಟಿಗೇ ಹಾರಿ ಇಳಿದರು. ಅವ್ವ ಏಳಲಿಲ್ಲ, ಬಲಗೈಯಿಂದ ಮಣ್ಣನ್ನು ಬಿಗಿಯಾಗಿ ಹಿಡಿದಿದ್ದಳು. ಎರಡೂ ಕಡೆಯಿಂದ ತೋಳಿನ ಕೆಳಗೆ ಕೈ ಹಾಕಿದರು.

"ಹಿಡಿ" ಎಂದ ದೊಡ್ಡಣ್ಣ.

"ಹಿಡದೀನಿ" ಎಂದ ಸಣ್ಣಣ್ಣ.

ಅವ್ವ ಕಣ್ಣು ಬಿಟ್ಟಳು. ಇಬ್ಬರ ಮುಖವನ್ನೂ ನೋಡಿ, "ಇನ್ನೊಮ್ಮೆ ಮಾತಾಡ್ರಿ" ಎಂದಳು. ಅಂಥ ದನಿಯಲ್ಲಿ ಅವ್ವ ಯಾರನ್ನೂ ಏನನ್ನೂ ಬೇಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಅವಳನ್ನು ಎತ್ತಿ ಬದುವಿನ ಮೇಲೆ ಕೂರಿಸಿದರು, ಆಮೇಲೆ ಒಬ್ಬ ಆ ಕಡೆಯ ಬೆಳೆ ನೋಡುತ್ತ ನಿಂತ, ಇನ್ನೊಬ್ಬ ಈ ಕಡೆಯದು. ಕುಣಿ ಮುಚ್ಚುವ ಮಾತನ್ನಂತೂ ಯಾರೂ ಎತ್ತಲಿಲ್ಲ.

ನಾನೇ ಕುಣಿಗಿಳಿದು ಅರ್ಧಕ್ಕೆ ಮಣ್ಣು ಎಳೆದು ತುಂಬಿದೆ, ಕುಡುಗೋಲಿನಿಂದ ಚೀಲ ಸೀಳಿದೆ. ಕೆಂಪು ಮಣ್ಣು ಕೆಸರಾಗಿ ಜಾರಿ ಬಿತ್ತು. ಒಳಗಿನ ಬೇರು ಕಪ್ಪಾಗಿದ್ದವು. ಬೆರಳು ಸೋಕಿದರೆ ಸಿಪ್ಪೆ ಸುಲಿದು ಬರುತ್ತಿತ್ತು, ಕೊಳೆತ ವಾಸನೆ ಮೂಗಿಗೆ ಹೊಡೆಯಿತು.

"ಬೇರು ಹೆಂಗದಾವ?" ಮೇಲಿನಿಂದ ಅವ್ವ ಕೇಳಿದಳು.

ಅಣ್ಣಂದಿರಿಬ್ಬರೂ ತಿರುಗಿ ನನ್ನ ಕಡೆ ನೋಡಿದರು. ನಾನು ಬೇರಿಗೆ ಬೆನ್ನು ಅಡ್ಡ ಮಾಡಿ, ಬೇಗ ಬೇಗ ಮಣ್ಣು ಎಳೆದೆ.

"ಚಲೋ ಅದಾವ ಬೇ" ಎಂದೆ.