ಕ್ಯಾಮೆರಾದೊಳಗಿನ ಮೂರು ಚುಕ್ಕಿ

ಹಾವೇರಿಯ ಹೆಗ್ಗೇರಿ ಕೆರೆಯ ದಂಡೆಯ ಮೇಲೆ ಹೊಸ ಕ್ಯಾಮೆರಾ ಹಿಡಿದು ನಿಂತಿದ್ದೆ. ಆಕಾಶದಲ್ಲಿ ನಾಲ್ಕು ಹದ್ದುಗಳು ಕಂಡವು. ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದರೆ ಒಂದೇ ಹದ್ದು. ಮತ್ತೆ ಕಣ್ಣಿಟ್ಟರೆ ನಾಲ್ಕು. ಒಂದು ಹಾರುತ್ತಿತ್ತು, ಉಳಿದ ಮೂರು ನಾನು ಎತ್ತ ತಿರುಗಿದರೆ ಅತ್ತ ನನ್ನ ಜೊತೆಗೇ ತಿರುಗುತ್ತಿದ್ದವು. ಕೆರೆಯ ನೀರಿನ ಮೇಲೂ ಅವೇ ಮೂರು, ದಂಡೆಯ ಮೇಲೆ ಒಣಹಾಕಿದ್ದ ಬಿಳಿ ಧೋತರದ ಮೇಲೂ ಅವೇ ಮೂರು. ಒಂದು ಎಮ್ಮೆಯ ಮೈಮೇಲೆ ಮಾತ್ರ ಕಾಣಲಿಲ್ಲ. ಅಷ್ಟರಮಟ್ಟಿಗೆ ಎಮ್ಮೆ ನನ್ನ ಮರ್ಯಾದೆ ಕಾಯಿತು.

ಕ್ಯಾಮೆರಾ ಕೊಂಡು ಎಂಟು ದಿನವಾಗಿತ್ತು ಅಷ್ಟೆ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರಿನಲ್ಲಿ, ಸಾಸಿವೆಗಿಂತ ಸಣ್ಣ ಮೂರು ಕಪ್ಪು ಚುಕ್ಕಿ. ಅಂದಿನಿಂದ ನನ್ನ ದಿನಚರಿ ಬದಲಾಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಚುಕ್ಕಿ ಎಣಿಸುತ್ತಿದ್ದೆ. ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲು ಎಣಿಸುತ್ತಿದ್ದೆ. ಮೂರು ಇದ್ದದ್ದು ಒಮ್ಮೆಯಾದರೂ ಎರಡಾದೀತು ಎಂಬ ಆಸೆ, ನಾಲ್ಕಾದೀತು ಎಂಬ ಭಯ. ನನ್ನ ಹೆಂಡತಿ ಶೋಭಾ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿದಳು: “ಕ್ಯಾಮೆರಾ ಆಮ್ಯಾಲೆ ತೋರಿಸೀರಂತ, ಮೊದಲ ನಿಮ್ಮ ಕಣ್ಣ ತೋರಸ್ಕೊಂಬರ್ರಿ.”

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಇದನ್ನು ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಸಂಜೆ ಬಂದು ಅವನು ಅಂಗಿ ಝಾಡಿಸಿದರೆ ನಾವು ಮಕ್ಕಳೆಲ್ಲ ಸಾಲಾಗಿ ಸೀನುತ್ತಿದ್ದೆವು. ಆ ಸೀನುಗಳ ನಡುವೆಯೇ ಓದಿ, ಬಿ.ಎ., ಬಿ.ಎಡ್. ಮಾಡಿಕೊಂಡು, ಈಗ ಹಾವೇರಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೇನೆ. ಮನೆತನದ ಮೊದಲ ಪದವೀಧರನಿಗೆ ಒಂದು ಕೆಲಸ ತಪ್ಪುವುದಿಲ್ಲ: ಕಂಡದ್ದನ್ನೆಲ್ಲ ಅವನೇ ಓದಿ ಹೇಳಬೇಕು. ಗುಳಿಗೆ ಡಬ್ಬಿಯ ಚೀಟಿ, ಕರೆಂಟಿನ ಬಿಲ್ಲು, ಹೊಲದ ಉತಾರದ ಕಾಗದ, ಗೊಬ್ಬರದ ಚೀಲದ ಮೇಲಿನ ಅಕ್ಷರ. ಬೀಗರು ಅಗಡಿಯಿಂದ ಫೋನು ಮಾಡಿ ಹೊಸ ಮಿಕ್ಸರಿನ ಯಾವ ಗುಂಡಿ ಒತ್ತಬೇಕೆಂದು ಕೇಳುತ್ತಾರೆ. ಹೀಗಾಗಿ ಕ್ಯಾಮೆರಾದ ಜೊತೆ ಬಂದ ಪುಸ್ತಕವನ್ನು ನಾನು ಪರೀಕ್ಷೆಗೆ ಓದಿದಂತೆ ಓದಿದ್ದೆ. ಅದರಲ್ಲಿ ಸ್ಪಷ್ಟವಾಗಿತ್ತು: ಕಿಂಡಿಯಲ್ಲಿ ಕಾಣುವ ಧೂಳಿನ ಕಣಗಳು ಚಿತ್ರದಲ್ಲಿ ಮೂಡುವುದಿಲ್ಲ, ಇದು ದೋಷವಲ್ಲ. ದೋಷವಲ್ಲದಿದ್ದರೆ ಅದನ್ನು ಬರೆಯುವ ಗರಜೇನಿತ್ತು? ನಾನು ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು. ಕೇಳದಿದ್ದರೂ ಯಾರಾದರೂ ‘ನಾನು ನಕಲು ಮಾಡಿಲ್ಲ’ ಎಂದು ಬರೆದರೆ ಅಂಥವರ ಪತ್ರಿಕೆಯನ್ನು ಎರಡು ಸಲ ನೋಡುತ್ತೇನೆ.

ಆದರೆ ಇದು ಬರೀ ಹೊಸ ಸಾಮಾನಿನ ಚಿಂತೆಯಾಗಿದ್ದರೆ ನಿಮ್ಮ ಮುಂದೆ ಇಷ್ಟು ತೋಡಿಕೊಳ್ಳುತ್ತಿರಲಿಲ್ಲ. ನನ್ನ ಸಂಕಟ ಬೇರೆ ಇತ್ತು. ಅದನ್ನು ಹೇಳಬೇಕಾದರೆ ನನ್ನ ಡಿಗ್ರಿ ಸರ್ಟಿಫಿಕೇಟಿನ ಎಡ ಮೂಲೆಗೆ ಬರಬೇಕು.

ಸರ್ಟಿಫಿಕೇಟು ಮನೆಗೆ ಬಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟು, ಊದಿನಕಡ್ಡಿ ಬೆಳಗಿ, ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು ಅದರ ಮೂಲೆಗೆ ಹಚ್ಚಿದಳು. ನಮ್ಮಲ್ಲಿ ಹೊಸದಾಗಿ ಬಂದದ್ದು ಏನೇ ಇರಲಿ, ಸೈಕಲ್ಲು, ಒಲೆ, ಕುಕ್ಕರು, ಅವ್ವನ ಬೆರಳು ತಾಗಿದ ಮೇಲೆಯೇ ಮನೆಯದಾಗುವುದು. ನಾನೂ ಹಿಗ್ಗಿನಲ್ಲಿ ಅದನ್ನು ಹಾಗೆಯೇ ಲ್ಯಾಮಿನೇಶನ್ ಮಾಡಿಸಿದೆ. ಮುಂದೆ ನೌಕರಿಗೆ ದಾಖಲೆ ಪರಿಶೀಲಿಸುವಾಗ ಅಧಿಕಾರಿಯೊಬ್ಬರು ಆ ಕೆಂಪು ಕಲೆಯನ್ನು ಉಗುರಿನಿಂದ ಕೆರೆದು, “ಏನ್ರಿ ಇದು? ಏನರ ತಿದ್ದೀರೇನು?” ಎಂದರು. ಹಿಂದೆ ನಿಂತ ಹತ್ತು ಜನ ನಕ್ಕರು. ನೌಕರಿಗೇನೂ ತೊಂದರೆಯಾಗಲಿಲ್ಲ. ಆದರೆ ನಾನು ಮನೆಗೆ ಬಂದು, “ಓದು ಬರದವ್ರಿಗೆ ಕಾಗದದ ಬೆಲಿ ಏನ್ ಗೊತ್ತಾಗತೈತಿ!” ಎಂದು ಅವ್ವನ ಮೇಲೆ ಚೀರಾಡಿದೆ. ಅಂದಿನಿಂದ ಅವಳು ನನ್ನ ಯಾವ ವಸ್ತುವಿಗೂ ಕುಂಕುಮ ಹಚ್ಚಲಿಲ್ಲ. ನನ್ನ ಮೊದಲ ಬೈಕಿಗೂ ಇಲ್ಲ. ಆಮೇಲೆ ಅಪ್ಪ ತೀರಿಕೊಂಡ. ಅವ್ವನ ಹಣೆಯಲ್ಲಿ ವಿಭೂತಿ ಮಾತ್ರ ಉಳಿಯಿತು. ಓಣಿಯಲ್ಲಿ ಯಾರದೇ ಶುಭಕಾರ್ಯವಾದರೂ ಅವಳು ಬಾಗಿಲ ಸಂದಿಯಲ್ಲಿ ನಿಂತು ನೋಡಿ ಬರುತ್ತಾಳೆ.

ಕ್ಯಾಮೆರಾ ತಂದ ದಿನ ನನಗೆ ಹಳೆಯದನ್ನು ತಿದ್ದುವ ಹುಕಿ ಬಂತು. “ನೀನ ಹಚ್ಚಬೇಕವ್ವಾ” ಎಂದೆ. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. “ನನ್ನ ಕೈ ಬ್ಯಾಡೋ ತಮ್ಮಾ. ಶೋಭಾ ಹಚ್ಚಲಿ, ಮುತ್ತೈದಿ ಅದಾಳ.” ಶೋಭಾ ತಾನು ಹಚ್ಚುವುದೇ ಇಲ್ಲವೆಂದು ಹಟ ಹಿಡಿದಳು. ನಾನು, ಪೂಜೆಯಾಗದೆ ಒಂದು ಫೋಟೋನೂ ತೆಗೆಯುವುದಿಲ್ಲವೆಂದೆ. ಕಡೆಗೆ ಅವ್ವ ಕೈಕಾಲು ತೊಳೆದುಕೊಂಡು ಬಂದಳು. ಆಗ ನಾನು ಮಾಡಿದ ಶಾಣ್ಯಾತನ ಕೇಳಿ: ಲೆನ್ಸು ಬಿಚ್ಚಿ, “ನೋಡವ್ವಾ, ಒಳಗ ಕನ್ನಡಿ ಐತಿ” ಎಂದು ತೋರಿಸಿದೆ. ತೋರಿಸಿ, ಹಾಗೆಯೇ ಬಾಯಿ ತೆರೆದಿಟ್ಟು, ಕಾಯಿ ಒಡೆಯಲು ಹಿತ್ತಿಲಿಗೆ ಹೋದೆ. ಬಂದು ನೋಡಿದರೆ ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಕೆಂಪು ಬೊಟ್ಟು, ಅವ್ವ ಕೈಮುಗಿದು ನಿಂತಿದ್ದಳು. ಅಪ್ಪ ಹೋದ ಮೇಲೆ ಅವಳ ಬೆರಳ ತುದಿ ಕೆಂಪಾದದ್ದು ಅಂದೇ ಮೊದಲು.

ಈಗ ತಿಳಿಯಿತಲ್ಲ? ಆ ಮೂರು ಚುಕ್ಕಿ ಏನು ಬೇಕಾದರೂ ಆಗಿರಲಿ, ಕುಂಕುಮ ಮಾತ್ರ ಆಗಿರಬಾರದು. ಆಗಿದ್ದರೆ ಅವ್ವ, ಪುಡಿ ಒಳಗೆ ಬಿದ್ದು ಹೀಗಾಯಿತು ಎನ್ನುವುದಿಲ್ಲ. ನನ್ನಂಥವಳು ಹಚ್ಚಿದ್ದಕ್ಕೇ ಹೀಗಾಯಿತು ಎನ್ನುತ್ತಾಳೆ. ಮತ್ತೆ ಈ ಜನ್ಮದಲ್ಲಿ ಆ ಬಟ್ಟಲಿಗೆ ಬೆರಳು ಅದ್ದುವುದಿಲ್ಲ.

ಹಿಂದೆ ಒಬ್ಬ ಖಗೋಳಜ್ಞನ ದುರ್ಬೀನಿನೊಳಗೆ ಜೇಡ ಎಳೆ ಹಾಕಿತ್ತಂತೆ. ಅವನು ಗಾಬರಿಯಾಗದೆ, ಎಳೆಯೂ ನಕ್ಷತ್ರವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದನ್ನು ಗಮನಿಸಿ, ಆಕಾಶವನ್ನು ಅಳೆಯುವ ಹೊಸ ದಾರಿಯನ್ನೇ ಹುಡುಕಿದನಂತೆ. ನನಗೆ ಅಂಥ ಬುದ್ಧಿ ಎಲ್ಲಿಂದ ಬರಬೇಕು? ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬೆಂಗಳೂರು ಕಡೆಯ ಹೆಣ್ಣುಮಗಳೊಬ್ಬಳು, ನನ್ನ ತೊಂದರೆ ತನಗೆ ಅರ್ಥವಾಗುತ್ತದೆ ಎಂದು ಮೂರು ಸಲ ಹೇಳಿ, ಫೋನಿಗೇ ಒಂದು ಅರ್ಜಿ ಕಳಿಸಿದಳು. ಅದರಲ್ಲಿ ಒಂದು ಪ್ರಶ್ನೆ: ‘ಸಮಸ್ಯೆ ಯಾವಾಗ, ಹೇಗೆ ಆರಂಭವಾಯಿತು?’ ಜೀವನದಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡದವನು ಅದನ್ನು ಖಾಲಿ ಬಿಟ್ಟು ಫೋನು ಆರಿಸಿದೆ.

ಆಗ ನೆನಪಾದದ್ದು ಬ್ಯಾಡಗಿ. ಪೂಜೆಯ ಮರುದಿನ ಕ್ಯಾಮೆರಾ ತೋರಿಸಲು ನನ್ನ ಬಾಲ್ಯದ ಗೆಳೆಯ ಹಸನನಲ್ಲಿಗೆ ಹೋಗಿದ್ದೆ. ಅವನು ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಕಣ್ಣು ಹಾಯುವವರೆಗೂ ಚೀಲ, ಕೆಂಪು ರಾಶಿ, ಗಾಳಿಯಲ್ಲೆಲ್ಲ ಘಾಟು. ಧೂಳಿರುವಲ್ಲಿ ಲೆನ್ಸು ಬಿಚ್ಚಬಾರದೆಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಆದರೂ ಆ ರಾಶಿಗಳ ನಡುವೆಯೇ ಬಿಚ್ಚಿ, “ನೋಡ್ಲೇ, ಒಳಗ ಕನ್ನಡಿ ಐತಿ” ಎಂದಿದ್ದೆ. ಅಂದ ಮೇಲೆ ಅದು ಮೆಣಸಿನಕಾಯಿಯ ಪುಡಿಯೇ! ನನಗೆ ಎಷ್ಟು ಆನಂದವಾಯಿತೆಂದರೆ ಕೂಡಲೇ ಹಸನನಿಗೆ ಫೋನು ಮಾಡಿ, ನಿಮ್ಮ ಪೇಟೆ ನನ್ನ ಕ್ಯಾಮೆರಾ ಕೆಡಿಸಿತೆಂದು ಸಂತೋಷದಿಂದ ತಿಳಿಸಿದೆ.

“ಯಾಕಲೇ ಮಾಸ್ತರಾ,” ಎಂದ ಹಸನ, “ನಮ್ಮ ಮೆಣಸಿನಕಾಯಿ ಮ್ಯಾಲೆ ಯಾಕ ಹಾಕ್ತಿ? ಅದು ಹೊಕ್ಕಿದ್ರ ನಿನ್ನ ಕ್ಯಾಮೆರಾ ಸೀನತಿತ್ತು.”

ಆದರೂ ನನ್ನ ಜೊತೆ ರಾಣೆಬೆನ್ನೂರಿಗೆ ಬಂದ. ಅಲ್ಲಿ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದು ಈಗ ಕ್ಯಾಮೆರಾ ನೋಡುವ ಮಲ್ಲಪ್ಪ ಎಂಬ ಹಿರಿಯರಿದ್ದಾರೆಂದು ಅವನೇ ಹೇಳಿದ್ದ. ಬಸ್ಸಿನಲ್ಲಿ ಕ್ಯಾಮೆರಾವನ್ನು ಎದೆಗವಚಿಕೊಂಡು ಕುಳಿತ ನನ್ನನ್ನು ನೋಡಿ, “ಅರೇ ಯಾರ್, ದವಾಖಾನಿಗೆ ಕೂಸನ್ನ ಒಯ್ದಂಗ ಒಯ್ಯಾಕತ್ತಿಯಲ್ಲೋ” ಎಂದ. ನನಗೆ ನಗು ಬರಲಿಲ್ಲ. ಅವನಿಗೆ ಅವ್ವನ ವಿಷಯ ಹೇಳಿದೆ. ಅವನು ಎದ್ದು, ಧೂಳು ಬರದಿರಲೆಂದು ನನ್ನ ಪಕ್ಕದ ಕಿಟಕಿಯ ಗಾಜು ಎಳೆದ.

ಮಲ್ಲಪ್ಪನವರು ಒಂದು ಕಣ್ಣಿಗೆ ಗಡಿಯಾರದವರ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು, ಲೆನ್ಸು ತೆಗೆದು, ಒಳಗೆ ಬಗ್ಗಿ ನೋಡಿದರು. ಬೆಳಕಿಗೆ ಅಡ್ಡ ಬಂದ ಧೂಳೆಲ್ಲ ಕಪ್ಪಾಗಿಯೇ ಕಾಣುತ್ತದೆ, ಖರೇ ಬಣ್ಣ ಹೊರಗೆ ತೆಗೆದಾಗಲೇ ತಿಳಿಯುವುದು ಎಂದರು. ರಬ್ಬರಿನ ಬುಡ್ಡಿಯಿಂದ ಪುಸ್‌ಪುಸ್ ಎಂದು ಗಾಳಿ ಬಿಟ್ಟು, ಬಿಳಿ ಕಾಗದದ ಮೇಲೆ ಕ್ಯಾಮೆರಾವನ್ನು ಬೋರಲು ಹಿಡಿದರು. ಎರಡು ಕಣ ಉದುರಿದವು. ಎರಡೂ ಕೆಂಪು.

“ಕುಂಕುಮರೀ?” ಎಂದೆ.

ಮಲ್ಲಪ್ಪನವರು ಅವುಗಳಲ್ಲಿ ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡು, ಯಾವ ಪುಸ್ತಕದಲ್ಲೂ ಇಲ್ಲದ ಪರೀಕ್ಷೆ ಮಾಡಿದರು: ನಾಲಿಗೆಗೆ ಇಟ್ಟರು. ಮುಖ ಕಿವುಚಿತು. “ಬ್ಯಾಡಗಿ ಮಾಲು. ಕಮ್ಮಿ ಖಾರ, ಬಣ್ಣ ಜಾಸ್ತಿ.”

ನಾನು ಕುಣಿಯುವುದೊಂದು ಬಾಕಿ. ಹಸನ, ತನ್ನ ಪೇಟೆಯ ಮಾನ ಹೋದದ್ದಕ್ಕೆ ಅಳಬೇಕೋ ಮಾಲಿನ ಗುಣ ಹೊಗಳಿದ್ದಕ್ಕೆ ನಗಬೇಕೋ ತಿಳಿಯದೆ ನಿಂತ. ಅಷ್ಟರಲ್ಲಿ ಮಲ್ಲಪ್ಪನವರು ಮತ್ತೆ ಬಗ್ಗಿದರು. “ಒಂದು ಬಿಡವಲ್ದು. ಕನ್ನಡಿ ಮ್ಯಾಲಿನ ಗಾಜಿಗೆ ಅಂಟೈತಿ. ಇದು ಹಾರಿ ಬಂದದ್ದಲ್ಲ ಮಾಸ್ತರ, ಹಸಿ ಬೆರಳಲೆ ಅಂಚಿಗೆ ಹಚ್ಚಿದ್ದು ಒಳಗ ಸರದೈತಿ. ಇದು ಕುಂಕುಮನ.” ನನ್ನ ಮುಖ ನೋಡಿ ಭೂತಗನ್ನಡಿ ತೆಗೆದರು. “ಎದಕ್ಕ ಅಂಜತೀರಿ? ಗಡಿಯಾರದಾಗ ಭಂಡಾರ, ವಿಭೂತಿ, ಅಕ್ಷತಿ ಎಲ್ಲಾ ಕಂಡೇನಿ. ತಿಕ್ಕಿ ತೆಗದ್ರ ಗಾಜಿಗೆ ಗೀರು ಬೀಳತೈತಿ. ಕಂಪನಿಗೆ ಕಳಿಸಿದ್ರ ಗಾಜ ಬದಲ ಮಾಡ್ತಾರ. ಬಿಟ್ರ ಏನೂ ಆಗೂದಿಲ್ಲ. ನೀವ ಹೇಳ್ರಿ.”

ನಾನು ಕ್ಯಾಮೆರಾವನ್ನು ಹಾಗೆಯೇ ವಾಪಸ್ಸು ತೆಗೆದುಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ಹಸನ ಮತ್ತು ನಾನು ಅವ್ವನಿಗೆ ಹೇಳಲು ಒಂದು ಸುಳ್ಳು ತಯಾರಿಸಿದೆವು. ತಯಾರಿಸಿದೆವು ಎಂದರೆ ಮೂರರಲ್ಲಿ ಎರಡು ಪಾಲು ನಿಜವೇ: ಮೆಣಸಿನಕಾಯಿ ಪುಡಿ ಬಿದ್ದಿತ್ತು, ತೆಗೆದರು, ಮುಗಿಯಿತು. “ಬೈಸ್ಕೊಳ್ಳಾಕ ನಮ್ಮ ಬ್ಯಾಡಗಿ ಐತಿ, ನೀ ಯಾಕ ಚಿಂತಿ ಮಾಡ್ತಿ” ಎಂದು ಹಸನ ತನ್ನ ಪೇಟೆಯ ಮಾನವನ್ನು ಎರಡನೆಯ ಸಲ, ಈ ಸಲ ತಾನಾಗಿ, ಬಿಟ್ಟುಕೊಟ್ಟ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಕೈಯಲ್ಲಿ ಏನೂ ಕೆಲಸವಿರಲಿಲ್ಲ. ಅವ್ವ ಕೆಲಸವಿಲ್ಲದೆ ಕುಳಿತದ್ದನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಒಳಗೆ ಹೋಗಿ ನೋಡಿದರೆ ದೇವರ ಮಾಡದಲ್ಲಿ ಕುಂಕುಮದ ಬಟ್ಟಲು ಇರಲಿಲ್ಲ. ಅಡುಗೆಮನೆಯ ಮಾಡದಲ್ಲಿ, ಬೇಳೆ ಡಬ್ಬಿಗಳ ಹಿಂದೆ, ಒಂದು ಅರಿವೆ ಮುಚ್ಚಿಸಿಕೊಂಡು ಕೂತಿತ್ತು. ನಾನು ದಿನಾ ಚುಕ್ಕಿ ಎಣಿಸುತ್ತಿದ್ದುದನ್ನು ಅವ್ವ ದಿನಾ ನೋಡಿದ್ದಳು. ಓದು ಬರದವಳು ನನ್ನ ಮುಖವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದಳು.

“ಖರೇ ಹೇಳು ತಮ್ಮಾ,” ಎಂದಳು, ನಾನು ಕಟ್ಟೆಗೆ ಬರುತ್ತಲೇ. “ನೀ ಕಾಯಿ ಒಡ್ಯಾಕ ಹೋದಾಗ ನಾ ಒಳಗಿನ ಕನ್ನಡಿ ಅಂಚಿಗೂ ಒಂದೀಟು ಹಚ್ಚಿದ್ನಿ. ಕನ್ನಡಿಗೆ ಹಚ್ಚದ ಹೆಂಗ ಬಿಡೂದು ಅನಿಸ್ತು. ಅದ ಹೌದಿಲ್ಲೋ? ನಾ ಆವತ್ತ ಅಂದಿದ್ನಿ, ನನ್ನ ಕೈ ಬ್ಯಾಡಂತ.”

ತಯಾರಿಸಿದ ಸುಳ್ಳು ಬಾಯಿಯವರೆಗೆ ಬಂದು ಅಲ್ಲಿಯೇ ನಿಂತಿತು. “ಮೂರು ಚುಕ್ಕಿ ಇದ್ದುವವ್ವಾ,” ಎಂದೆ. “ಎರಡು ಅಪ್ಪನ ಪ್ಯಾಟಿಯವು. ಒಂದು ನಿಂದು. ಕ್ಯಾಮೆರಾದ ಬಾಯಿ ತೆರೆದಿಟ್ಟಾಂವ ಮಾತ್ರ ನಾನು, ಮೂರಕ್ಕೂ.”

ಅವ್ವನಿಗೆ ಪೂರಾ ನಂಬಿಕೆ ಬಂದಂತೆ ಕಾಣಲಿಲ್ಲ. “ಹಂಗಾರ ನಂದೂ ತೆಗಸಬೇಕಿಲ್ಲೋ?”

ನಾನು ಉತ್ತರ ಕೊಡುವ ಬದಲು ಕ್ಯಾಮೆರಾ ಎತ್ತಿದೆ. ಅವ್ವ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. ಕಿಂಡಿಯಲ್ಲಿ ಆ ಒಂದೇ ಚುಕ್ಕಿ ಮೊದಲು ಅವಳ ಭುಜದ ಮೇಲಿತ್ತು. ಕ್ಯಾಮೆರಾವನ್ನು ಕೂದಲೆಳೆಯಷ್ಟು ಅತ್ತ ಸರಿಸಿದೆ, ಇಷ್ಟು ಮೇಲೆ ಎತ್ತಿದೆ. ವಿಭೂತಿಯ ಪಟ್ಟಿಗಳ ಕೆಳಗೆ, ಎರಡು ಹುಬ್ಬುಗಳ ನಡುವೆ, ಎಷ್ಟೋ ವರ್ಷ ಬರಿದಾಗಿದ್ದ ಜಾಗದಲ್ಲಿ ಅದು ಹೋಗಿ ಕುಳಿತುಕೊಂಡಿತು.

“ಫೋಟೋದಾಗ ಕುಂಕುಮದ ಕಲಿ ಬರತೈತೋ ಏನೋ” ಎಂದಳು ಅವ್ವ.

“ಬರೂದಿಲ್ಲ. ಪುಸ್ತಕದಾಗ ಬರದಾರ.”

“ಮತ್ತ ಅಷ್ಟೊತ್ತು ಏನ ನೋಡಾಕತ್ತಿ? ಲಗೂ ಒತ್ತು, ಒಲಿ ಮ್ಯಾಲೆ ಹಾಲೈತಿ.”

ನಾನು ಸ್ವಲ್ಪ ತಡಮಾಡಿಯೇ ಒತ್ತಿದೆ. ಪುಸ್ತಕ ಹೇಳಿದ್ದು ನಿಜ. ಚಿತ್ರದಲ್ಲಿ ಚುಕ್ಕಿ ಮೂಡಲಿಲ್ಲ. ಕಂಪನಿಯ ಅರ್ಜಿ ಫೋನಿನಲ್ಲಿ ಇನ್ನೂ ಹಾಗೆಯೇ ಇದೆ, ಆ ಒಂದು ಪ್ರಶ್ನೆ ಖಾಲಿ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಈಗಲೂ ಕಿಂಡಿಯಲ್ಲಿ ಕಣ್ಣಿಟ್ಟು ಎಣಿಸುತ್ತೇನೆ. ಒಂದು ಇರುತ್ತದೆ. ಇದೆಯಲ್ಲ ಎಂದುಕೊಂಡು ಮುಖ ತೊಳೆಯಲು ಹೋಗುತ್ತೇನೆ.