ಹೆಸರು ಹೇಳದಿದ್ದರೆ ಎಲ್ಲರೂ

ನಮ್ಮ ಮನೆಯಿಂದ ಒಬ್ಬರು ಎಂ.ಎಸ್ಸಿ. ಆಗುವುದು ಈ ಜನ್ಮದಲ್ಲಿ ನಡೆಯುವ ಸಂಗತಿಯಲ್ಲ ಎಂದವನು ವಾಸಣ್ಣ, ನನ್ನ ದೊಡ್ಡಮ್ಮನ ಮಗ. ಎದುರಿಗಿಲ್ಲದವರ ಮಾತು ಕಿವಿಗೆ ಬೀಳುವುದು ಯಾವ ಜನ್ಮದಲ್ಲೂ ನಡೆಯುವ ಸಂಗತಿಯಲ್ಲ ಎನ್ನುತ್ತಿದ್ದವಳು ನಾನು. ಇಬ್ಬರೂ ಸೋತೆವು. ಅವನು ಸೋತದ್ದು ಯಾಕೆಂದು ಹೇಳಬಲ್ಲೆ: ನಾನು ಹಟ ಹಿಡಿದು ಓದಿದೆ. ನಾನು ಸೋತದ್ದು ಹೇಗೆಂದು ಇವತ್ತಿಗೂ ಗೊತ್ತಾಗಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಕಾಸರಗೋಡಿನ ಕಡೆಯವರಾದ ನಾವು ಆಗ ಕೊಚ್ಚಿಯಲ್ಲಿದ್ದೆವು. ವಾಸಣ್ಣನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಕಾವಲಿನ ಕೆಲಸ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವನು, ದೊಡ್ಡಮ್ಮ, ನಾನು. ತಾಯಿಯಿಲ್ಲದ ನನ್ನನ್ನು ಸಾಕಿದವಳು ದೊಡ್ಡಮ್ಮನೇ. ಬೆಳಿಗ್ಗೆ ಬೋಟಿನಲ್ಲಿ ಹಿನ್ನೀರು ದಾಟಿ, ಬಸ್ಸು ಹಿಡಿದು, ಕಳಮಶ್ಶೇರಿಗೆ ಸಂಖ್ಯಾಶಾಸ್ತ್ರ ಓದಲು ಹೋಗುತ್ತಿದ್ದೆ. "ಎಣಿಸ್ಲಿಕ್ಕೆ ಇಷ್ಟು ವರ್ಷ ಕಲೀಬೇಕಾ ಮಾರಾಯ್ತಿ? ಬಂದರಿಗೆ ಬಾ, ಮೂಟೆ ಎಣಿಸು" ಎಂದು ವಾಸಣ್ಣ ಛೇಡಿಸುತ್ತಿದ್ದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಆಸ್ಪತ್ರೆಯೊಂದರ ಹೆರಿಗೆಗಳ ವಿವರ ಕಲೆಹಾಕಿದ್ದೆ. ಒಬ್ಬ ತಾಯಿಗೆ ಒಂದು ಪಂಚ್ ಕಾರ್ಡು: ಅವಳ ವಯಸ್ಸು, ಮೊದಲೇ ಇರುವ ಮಕ್ಕಳೆಷ್ಟು, ಈಗ ಹುಟ್ಟಿದ ಕೂಸಿನ ತೂಕವೆಷ್ಟು, ಎಲ್ಲವೂ ತೂತುಗಳಲ್ಲಿ. ಅದನ್ನು ಓದುವ ಕಂಪ್ಯೂಟರ್ ಇದ್ದದ್ದು ತಿರುವನಂತಪುರದ ಒಂದು ಸಂಸ್ಥೆಯಲ್ಲಿ. ಹೊರಗಿನ ವಿದ್ಯಾರ್ಥಿಗಳಿಗೆ ಅಪರೂಪಕ್ಕೆ ಸರದಿ ಸಿಗುತ್ತಿತ್ತು. ನನ್ನ ಪ್ರೋಗ್ರಾಮಿನಲ್ಲಿ ಕಾರ್ಡುಗಳನ್ನು ಜರಡಿ ಹಿಡಿಯುವ ಒಂದು ಭಾಗವಿತ್ತು. ಇಂಥ ವಯಸ್ಸಿನವರು ಬೇಕು, ಇಷ್ಟು ಮಕ್ಕಳಿರುವವರು ಬೇಕು ಎಂದು ಷರತ್ತು ಕೊಟ್ಟರೆ ಅಂಥವರನ್ನಷ್ಟೇ ಅದು ಆರಿಸಬೇಕು. ಷರತ್ತು ಬೇಡವಾದರೆ ಆ ಜಾಗ ಖಾಲಿ ಬಿಡಬೇಕು. ಮೊದಲ ಸಲ ಎರಡೂ ಷರತ್ತು ತುಂಬಿಸಿ ಪರೀಕ್ಷಿಸಿದ್ದೆ, ಸರಿಯಾಗಿಯೇ ಬಂದಿತ್ತು.

ಎರಡನೆಯ ಸಲ ಹೋದದ್ದೇ ನನ್ನ ಕೊನೆಯ ಸರದಿ. ಅದೇ ವಾರ ಪ್ರಾಜೆಕ್ಟ್ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ಹೋಯಿತು, ಮತ್ತೊಂದು ವರ್ಷ ಓದಿಸುವ ತಾಕತ್ತು ಮನೆಗಿರಲಿಲ್ಲ. ಮೊದಲು ಎಲ್ಲ ತಾಯಂದಿರ ಲೆಕ್ಕ ಬೇಕಿತ್ತು. ಹಾಗಾಗಿ ಎರಡೂ ಜಾಗ ಖಾಲಿ ಬಿಟ್ಟು ಕಾರ್ಡಿನ ಕಟ್ಟು ಕೊಟ್ಟೆ. ಮಧ್ಯಾಹ್ನ ಆಪರೇಟರ್ ಒಂದೇ ಹಾಳೆ ಹಿಡಿದು ಹೊರಗೆ ಬಂದರು. "ಒನ್ನುಮಿಲ್ಲಲ್ಲೋ ಮೋಳೇ" ಎಂದರು. ಏನೂ ಇಲ್ಲವಲ್ಲ ಮಗಳೇ. ನಿಜಕ್ಕೂ ಏನೂ ಇರಲಿಲ್ಲ. ಒಬ್ಬ ತಾಯಿಯೂ ಜರಡಿ ದಾಟಿರಲಿಲ್ಲ. ನನ್ನ ಮುಖ ನೋಡಿ, ಯಂತ್ರ ನಿಲ್ಲಿಸುವ ಮೊದಲು ಇನ್ನೊಂದು ಸಲ ಹಾಕಿಕೊಡುತ್ತೇನೆ, ಅಷ್ಟರಲ್ಲಿ ಸರಿಮಾಡು ಎಂದು ಒಳಗೆ ಹೋದರು.

ವರಾಂಡದ ಬೆಂಚಿನ ಮೇಲೆ ಕೂತೆ. ಖಾಲಿ ಬಿಟ್ಟ ಜಾಗವನ್ನು ಯಂತ್ರ ಸೊನ್ನೆ ಎಂದು ಓದಿದೆ ಎಂಬುದು ಹೊಳೆಯಿತು. ಸೊನ್ನೆ ವಯಸ್ಸಿನ ತಾಯಿಯನ್ನು ಹುಡುಕಿದರೆ ಯಾರು ಸಿಗುತ್ತಾರೆ? ಸರಿ, ಸೊನ್ನೆ ಎಂದರೆ ಎಲ್ಲರೂ ಎಂದು ಬರೆದುಬಿಡೋಣ ಎಂದುಕೊಂಡೆ. ಆದರೆ ಚೊಚ್ಚಲ ಹೆರಿಗೆಯವರಿಗೆ ಮೊದಲಿನ ಮಕ್ಕಳು ಸೊನ್ನೆಯೇ, ಮತ್ತು ಅವರ ಲೆಕ್ಕವೂ ನನಗೆ ಬೇರೆಯಾಗಿ ಬೇಕಿತ್ತು. ಸೊನ್ನೆ ಕೊಟ್ಟು ಅವರನ್ನಷ್ಟೇ ಕೇಳಿದರೆ ಎಲ್ಲರೂ ಬಂದು ನಿಲ್ಲುತ್ತಾರೆ. ಎಷ್ಟು ತಿರುಗಿಸಿದರೂ ದಾರಿ ಕಾಣಲಿಲ್ಲ. ತಲೆ ಬಗ್ಗಿಸಿ ಸುಮ್ಮನೆ ಕೂತಿದ್ದೆ. ತುಟಿ ಕೂಡ ಅಲ್ಲಾಡಿಸಿರಲಿಲ್ಲ.

ಆಗ ಬಲಗಡೆಯಿಂದ, ಪಕ್ಕದಲ್ಲೇ ಕೂತು ಹೇಳಿದ ಹಾಗೆ, ದೊಡ್ಡಮ್ಮನ ಸ್ವರ ಕೇಳಿತು.

"ಹೇಳಿದ್ದಾರಾ ಇಲ್ವಾ, ಅದನ್ನು ಮೊದಲು ನೋಡು ಮಗಾ. ಹೆಸರು ಹೇಳದಿದ್ರೆ ಮನೆಯವರೆಲ್ಲ ಅಂತ ಲೆಕ್ಕ."

ನಮ್ಮ ಊರಲ್ಲಿ ಮದುವೆಗೆ ಕರೆಯಲು ಬಂದವರು ಹೆಸರು ಹಿಡಿದು ಕರೆದರೆ ಅವರಷ್ಟೇ ಹೋಗುವುದು. ಹೆಸರೆತ್ತದೆ ಕರೆದರೆ ಮನೆಮಂದಿಯೆಲ್ಲ ಹೊರಡುವುದು. ಅದು ನನಗೂ ಗೊತ್ತಿದ್ದದ್ದೇ. ಆದರೆ ನೆನಪಾದದ್ದಾಗಿದ್ದರೆ ನೆನಪೆಂದು ತಿಳಿಯುತ್ತಿತ್ತು. ಇದು ಕಿವಿಗೆ ಬಿದ್ದದ್ದು. ಸ್ವರದ ಹಿಂದೆ ಸಾಸಿವೆ ಚಟಪಟ ಸಿಡಿದದ್ದೂ ಕೇಳಿತು. ತಿರುಗಿ ನೋಡಿದೆ. ಬೆಂಚಿನಲ್ಲಿ ನಾನೊಬ್ಬಳೇ.

ಹೆದರಿ ಕೂರಲು ಸಮಯವಿರಲಿಲ್ಲ. ಪ್ರತಿ ಷರತ್ತಿನ ಪಕ್ಕ ಇನ್ನೊಂದು ಜಾಗ ಮಾಡಿದೆ. ಷರತ್ತು ಹೇಳಿದ್ದರೆ ಅಲ್ಲಿ ಒಂದು ಗುರುತು. ಗುರುತಿಲ್ಲದಿದ್ದರೆ ಪ್ರೋಗ್ರಾಮು ಆ ಜರಡಿಯ ಗೋಜಿಗೇ ಹೋಗದೆ ಮುಂದೆ ದಾಟಬೇಕು. ಹೊಸ ಕಾರ್ಡುಗಳಿಗೆ ತೂತು ಹೊಡೆದು ಕೊಟ್ಟೆ. ಸಂಜೆ ಆಪರೇಟರ್ ಕಾಗದದ ದಪ್ಪ ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಗುತ್ತಾ ಬಂದರು. ಎಲ್ಲ ತಾಯಂದಿರೂ ಬಂದಿದ್ದರು. ಚೊಚ್ಚಲಿನವರು ಬೇರೆಯಾಗಿ, ಅವರಷ್ಟೇ ಇದ್ದರು.

ಮರುದಿನ ಮನೆ ಮುಟ್ಟಿದಾಗ ವಾಸಣ್ಣ ಬಾಗಿಲಲ್ಲೇ ಹಿಡಿದ. "ಅಮ್ಮನಿಗೆ ಅರಳುಮರಳು ಸುರು ಆಯ್ತು ಮಾರಾಯ್ತಿ. ನಿನ್ನೆ ನಾನು ಊಟಕ್ಕೆ ಬಂದ್ರೆ ಒಲೆ ಎದುರು ಒಬ್ಳೇ ಮಾತಾಡ್ತಾ ಇದ್ಳು. ಯಾರ ಹತ್ರ ಅಂದ್ರೆ ನಿನ್ನ ಹತ್ರವಂತೆ! ಹೆಸರು ಹೇಳದಿದ್ರೆ ಎಲ್ಲರೂ ಅಂತ, ಎಂತದೋ."

ನಾನು ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಒಳಗೆ ಹೋಗಿ ದೊಡ್ಡಮ್ಮನ ಮುಖ ನೋಡಿದೆ. "ಕಾಲು ತೊಳ್ಕೊಂಡು ಬಾ, ಗಂಜಿ ಉಂಟು" ಎಂದಳು, ಅಷ್ಟೇ. ಕೇಳಲು ನನಗೆ ಧೈರ್ಯ ಬರಲಿಲ್ಲ.

ನಾನು ಕಲಿತದ್ದು ಸಂಭವನೀಯತೆಯ ಶಾಸ್ತ್ರ. ಎಷ್ಟೋ ಕಾಕತಾಳೀಯಗಳು ತಾವಾಗಿ ಘಟಿಸುತ್ತವೆ ಎಂದು ಆಮೇಲೆ ನಾನೇ ಪಾಠ ಹೇಳಿದ್ದೇನೆ. ಬೇರೆಯವರು ಈ ಕತೆ ಹೇಳಿದ್ದರೆ ದಣಿವು, ಭ್ರಮೆ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದನ್ನು ಹಾಗೆನ್ನಲು ಆಗಿಲ್ಲ.

ಪದವಿಪತ್ರ ತಂದ ದಿನ ವಾಸಣ್ಣ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಬಂದರಿನವರಿಗೆಲ್ಲ ಒಮ್ಮೆ ತೋರಿಸಿ ಬರ್ತೇನೆ, ಕೊಡ್ತೀಯಾ?" ಎಂದು ಮೆತ್ತಗೆ ಕೇಳಿದ. ಮೊದಲು ದೊಡ್ಡಮ್ಮ ನೋಡಲಿ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಕೈಯಲ್ಲಿಟ್ಟೆ. ಓದಲು ಬಾರದವಳು ಅದನ್ನು ಬಹಳ ಹೊತ್ತು ನೋಡಿದಳು. ಆಗ ಧೈರ್ಯ ಮಾಡಿ ಕೇಳಿದೆ, "ದೊಡ್ಡಮ್ಮಾ, ಅವತ್ತು ನಾನು ತಿರುವನಂತಪುರದಲ್ಲಿದ್ದಾಗ..."

"ನೀನು ಕರ್ದೆ, ನಾನು ಓ ಅಂದೆ. ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?" ಎಂದಳು. ಪತ್ರದಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದಳು: "ಇನ್ನೊಮ್ಮೆ ಕರೆಯುವಾಗ ಸ್ವಲ್ಪ ಜೋರಾಗಿ ಕರಿ ಮಗಾ. ನನ್ನ ಕಿವಿ ಮೊದಲಿನ ಹಾಗೆ ಇಲ್ಲ."