ಮುಖಕ್ಕೆ ಬಿದ್ದದ್ದು ಸಮುದ್ರವೋ, ರಕ್ತವೋ?

“ಯಾರು ಸತ್ತರು?”

ಮೊನ್ನೆ ಭಾನುವಾರ ಮಧ್ಯಾಹ್ನ ಇಂಟರ್‌ವಲ್ ಲೈಟು ಹತ್ತಿಕೊಂಡ ಕೂಡಲೇ ಪಕ್ಕದ ಸೀಟಿನಿಂದ ಬಂದ ಪ್ರಶ್ನೆ ಇದು. ಕೇಳಿದವನು ನನ್ನ ಗೆಳೆಯ ನಂಜುಂಡ. ಒಂದು ಗಂಟೆಗೂ ಹೆಚ್ಚು ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಮುಖ ಒದ್ದೆಯಾಗಿತ್ತು. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ. ಎರಡೂ ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು.

“ಮುಖದ ಮೇಲೆ ಬಿದ್ದದ್ದು ಸಮುದ್ರದ ನೀರಾ, ರಕ್ತಾನಾ?” ಇನ್ನೊಂದು ಪ್ರಶ್ನೆ. “ಆಮೇಲೆ ಬೆನ್ನಿಗೆ ಯಾರೋ ಗುದ್ದಿದರಲ್ಲ, ಯಾರು ಯಾರಿಗೆ ಗುದ್ದಿದ್ದು?”

ನನಗೆ ಉತ್ತರ ಗೊತ್ತಿತ್ತು. ಅದನ್ನು ಆಗಲೇ ಹೇಳಬೇಕಾಗಿತ್ತು.

ನಂಜುಂಡನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಂಜನಗೂಡಿನ ಕಡೆಯವನು. ಇಲ್ಲಿ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಇರುವುದು ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ. ನಾನು ಅದೇ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ವಾರ “ಹಲೋ” ಅಂದದ್ದಕ್ಕೇ “ಮೈಸೂರಾ?” ಅಂತ ಕೇಳಿದ್ದ. (ಹಾಸನ. ಆದರೂ ಪಾಸ್ ಮಾರ್ಕ್ಸ್ ಕೊಡಬಹುದು.) ಅಂದಿನಿಂದ ಇಂದಿನವರೆಗೆ ತಿಂಗಳಿಗೊಂದು ಭಾನುವಾರ ಇಬ್ಬರೂ ಸಿನಿಮಾಕ್ಕೆ ಹೋಗುತ್ತೇವೆ.

ಕಣ್ಣು ಕಾಣದವನು ಸಿನಿಮಾ ಹೇಗೆ ನೋಡುತ್ತಾನೆ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಉತ್ತರ ಸುಲಭ. ನಾನು ಅವನ ಎಡಗಿವಿಯ ಹತ್ತಿರ ಕೂತು ಪಿಸುಗುಡುತ್ತೇನೆ. ಹಿಂದಿ ಡೈಲಾಗ್ ಅವನಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಡೈಲಾಗು ಮುಗಿದು ಇನ್ನೊಂದು ಶುರುವಾಗುವ ನಡುವಿನ ಪುಟ್ಟ ಜಾಗ ನನ್ನದು. ಅಷ್ಟರಲ್ಲಿ ಹೇಳಿ ಮುಗಿಸಬೇಕು.

ಅದಕ್ಕೆ ಅವನದೇ ರೂಲ್ಸ್ ಇವೆ. “ಹೀರೋಯಿನ್ ಚೆನ್ನಾಗಿದಾಳೆ ಅಂತೆಲ್ಲ ಹೇಳಬೇಡ, ಚೆನ್ನಾಗಿಲ್ಲದಿದ್ರೆ ಯಾಕೆ ಹಾಕ್ಕೋತಾರೆ? ಯಾರು ಎಲ್ಲಿ ನಿಂತಿದಾರೆ ಹೇಳು. ಯಾರು ಅಳ್ತಿದಾರೆ ಅಂತ ಹೇಳಬೇಡ, ಅದು ನನಗೇ ಕೇಳುತ್ತೆ. ಅಳದೇ ಇರೋರು ಯಾರು, ಅದನ್ನ ಹೇಳು.”

ಕನ್ನಡದಲ್ಲಿ ಪಿಸುಗುಡುವುದರಿಂದ ಇನ್ನೊಂದು ಅನುಕೂಲವಿತ್ತು. ಅಕ್ಕಪಕ್ಕದವರಿಗೆ ಕಥೆ ಮೊದಲೇ ಗೊತ್ತಾಗುತ್ತಿರಲಿಲ್ಲ. ಅವರ ತಲೆಗೆ ಹಾಕಿದ ಬಣ್ಣದ ಬಗ್ಗೆ ನಾವು ಮಾತಾಡಿಕೊಂಡರೂ ಗೊತ್ತಾಗುತ್ತಿರಲಿಲ್ಲ. ಹಳೇ ಸಿಂಗಲ್ ಸ್ಕ್ರೀನ್ ಹಾಲುಗಳಲ್ಲಿ ನಮ್ಮ ಪಿಸುಮಾತಿನಿಂದ ಯಾರಿಗೂ ತೊಂದರೆಯಾಗಿದ್ದೇ ಇಲ್ಲ. ಅಲ್ಲಿ ಮಗು ಅಳುತ್ತಿತ್ತು, ಹಿಂದಿನವನು ಸಿಳ್ಳೆ ಹಾಕುತ್ತಿದ್ದ, ಯಾರೋ ಮುಂದಿನ ಡೈಲಾಗನ್ನು ಹೀರೋಗಿಂತ ಮೊದಲೇ ಹೇಳಿಬಿಡುತ್ತಿದ್ದ. ಒಂದೊಂದಾಗಿ ಆ ಹಾಲುಗಳೆಲ್ಲ ಬಾಗಿಲು ಹಾಕಿದವು.

ಹಾಗಾದರೆ ಈ ಸಲ ಗುರುಗ್ರಾಮದ ಮಾಲ್‌ಗೆ ಕರೆದುಕೊಂಡು ಹೋದದ್ದು ಯಾರು? ನಾನೇ. ಐಡಿಯಾ ಮಾತ್ರ ನನ್ನ ಮಗಳದ್ದು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು.

“ಪಪ್ಪಾ, ನಂಜುಂಡ ಅಂಕಲ್‌ಗೆ ಅಲ್ಲಿನ ಥಿಯೇಟರ್ ಏಕ್‌ದಮ್ ಪರ್ಫೆಕ್ಟ್ ಹೈ ನಾ. ಸೌಂಡ್ ಮೇಲಿಂದ, ಹಿಂದಿಂದ, ಚಾರೋಂ ತರಫ್ ಸೆ ಬರುತ್ತೆ. ಸೀಟ್ ಅಲುಗಾಡುತ್ತೆ, ಹವಾ ಬರುತ್ತೆ, ಸ್ಮೆಲ್ ಭೀ ಬರುತ್ತೆ. ಕಣ್ಣು ಬೇಕೇ ಇಲ್ಲ, ಬಸ್ ಫೀಲ್ ಮಾಡಬೇಕು.”

ನನಗೂ ಸರಿ ಅನ್ನಿಸಿತು. ಸರಿಯೇನು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಷ್ಟು ವರ್ಷ ಸಿನಿಮಾ ಕಣ್ಣಿದ್ದವರ ಸ್ವತ್ತಾಗಿತ್ತು. ಈಗ ಕಿವಿ, ಮೂಗು, ಚರ್ಮಕ್ಕೂ ಪಾಲು ಬಂದಿದೆ. ನಂಜುಂಡನಿಗಾಗಿಯೇ ಮಾಡಿದ ಸಿನಿಮಾ ಇದು ಅಂತ ನಂಬಿದೆ. ಫೋನಿನಲ್ಲಿ ಹೇಳಿದಾಗ ಅವನು ಚಿಕ್ಕ ಹುಡುಗನ ಹಾಗೆ ಕುಣಿದ.

ಬಾಗಿಲಲ್ಲೇ ಮ್ಯಾನೇಜರ್ ತಡೆದ. ಅಲ್ಲಿ ಒಂದು ದೊಡ್ಡ ಬೋರ್ಡು. ಗರ್ಭಿಣಿಯರು, ಹೃದ್ರೋಗಿಗಳು, ಬೆನ್ನುನೋವಿನವರು ಈ ಸೀಟುಗಳಲ್ಲಿ ಕೂರುವಂತಿಲ್ಲ. ಕುರುಡರ ಬಗ್ಗೆ ಏನೂ ಬರೆದಿರಲಿಲ್ಲ. ಅವರು ಬರಬಹುದು ಅಂತ ಬಹುಶಃ ಯಾರಿಗೂ ಹೊಳೆದಿರಲಿಲ್ಲ. ಮ್ಯಾನೇಜರ್ ನಂಜುಂಡನನ್ನು ಬಿಟ್ಟು ನನ್ನನ್ನು ಕೇಳಿದ, “ಇನ್‌ಕೋ ಕ್ಯಾ ಮಜಾ ಆಯೇಗಾ, ಸರ್?” ಇವರಿಗೇನು ಮಜಾ ಬರುತ್ತೆ ಅಂತ. “ಅದನ್ನ ಸಿನಿಮಾ ಮುಗಿದ ಮೇಲೆ ನಾನೇ ಹೇಳ್ತೀನಿ ಭಯ್ಯಾ” ಅಂತ ನಂಜುಂಡ ಅಚ್ಚ ದಿಲ್ಲಿ ಹಿಂದಿಯಲ್ಲೇ ಉತ್ತರ ಕೊಟ್ಟ. ಕೊನೆಗೆ ಒಂದು ಫಾರಂ ಬಂತು. ಜೊತೆಯಲ್ಲಿರುವವರೇ ಇವರಿಗೆ ಪೂರ್ತಿ ಜವಾಬ್ದಾರರು ಅಂತ ಅದರಲ್ಲಿತ್ತು. ನಾನು ರೋಫಿನಿಂದ ಸಹಿ ಹಾಕಿದೆ.

ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಹೆಲಿಕಾಪ್ಟರೊಂದು ನಮ್ಮ ತಲೆಯ ಮೇಲೆ ಸುತ್ತಿತು. ನಂಜುಂಡ ಕತ್ತೆತ್ತಿ ಅದು ಹೋದ ಕಡೆಗೆಲ್ಲ ಮುಖ ತಿರುಗಿಸಿದ. “ಹಿಂದೆ ಹೋಯ್ತು ಕಣೋ” ಅಂತ ನನಗೇ ತೋರಿಸಿದ. ನಾನು ಎಂದಿನಂತೆ ಪಿಸುಗುಟ್ಟಿದೆ. ಅವನಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಆಗಲೂ ಇಲ್ಲ. ಇನ್ನೂ ಜೋರಾಗಿ ಹೇಳಿದಾಗ ಮುಂದಿನ ಸಾಲಿನ ಹುಡುಗಿ ತಿರುಗಿ, “ಅಂಕಲ್, ಪ್ಲೀಸ್” ಅಂದಳು. ಸರಿ, ಸದ್ದು ಸ್ವಲ್ಪ ಇಳಿಯಲಿ, ಆಗ ಹೇಳೋಣ ಅಂತ ಕಾದೆ.

ಸದ್ದು ಇಳಿಯಲಿಲ್ಲ. ಈಗಿನ ಸಿನಿಮಾದಲ್ಲಿ ಖಾಲಿ ಜಾಗವೇ ಇಲ್ಲ, ಗಮನಿಸಿದ್ದೀರಾ? ಯಾರೂ ಮಾತಾಡದಿದ್ದಾಗ ನೆಲ ಗುಡುಗುತ್ತದೆ. ನೆಲ ಸುಮ್ಮನಾದರೆ ಗಾಳಿ ಊಳಿಡುತ್ತದೆ. ಪಕ್ಕದವನಿಗೆ ಒಂದು ಮಾತು ಹೇಳುವಷ್ಟು ಬಿಡುವನ್ನೂ ಅವರು ತುಂಬಿಸಿಬಿಟ್ಟಿದ್ದಾರೆ. ಮುನ್ನೂರು ಜನ ಒಟ್ಟಿಗೆ ಕೂತು ಒಬ್ಬೊಬ್ಬರೇ ನೋಡುವ ಸಿನಿಮಾ ಇದು. ನಮ್ಮ ಮೆಟ್ರೋ ಕೂಡ ಈಗ ಹಾಗೇ ಇದೆ. “ಇದು ಯಾವ ಸ್ಟೇಷನ್?” ಅಂತ ನಂಜುಂಡ ಕೇಳಿದರೆ ಬೋಗಿಯ ಅಷ್ಟೂ ಕಿವಿಗಳಲ್ಲಿ ಇಯರ್‌ಬಡ್.

ಅಷ್ಟರಲ್ಲಿ ಪರದೆಯ ಮೇಲೆ ಬಿರುಗಾಳಿ ಎದ್ದಿತು. ಹಡಗು ಓಲಾಡಿತು, ನಮ್ಮ ಕುರ್ಚಿಗಳೂ ಓಲಾಡಿದವು. ಮುಖಕ್ಕೆ ನೀರು ಎರಚಿತು. ಸಿಡಿಮದ್ದಿನ ವಾಸನೆ ಬಂತು. ಹೀರೋನ ತಮ್ಮನಿಗೆ ಗುಂಡು ಬಿದ್ದಾಗ ನಮ್ಮ ಬೆನ್ನಿಗೂ ಒಂದು ಗುದ್ದು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಮತ್ತು ನಂಜುಂಡನನ್ನು ಮರೆತೆ. ಇದನ್ನು ಹೇಳಲು ಇದಕ್ಕಿಂತ ಮರ್ಯಾದೆಯ ಪದ ನನಗೆ ಸಿಗಲಿಲ್ಲ.

ನನಗೆ ಬೆನ್ನಿಗೆ ಬಿದ್ದ ಗುದ್ದು ಮಜಾ ಅನ್ನಿಸಿತು. ಯಾಕೆಂದರೆ ಗುಂಡು ಹಾರಿದ್ದನ್ನು ನನ್ನ ಕಣ್ಣು ಮೊದಲೇ ಹೇಳಿತ್ತು. ಅವನಿಗೆ? ಕತ್ತಲಲ್ಲಿ ಕೂರಿಸಿ ಒಬ್ಬ ಮನುಷ್ಯನಿಗೆ ಕಾರಣ ಹೇಳದೆ ಹೊಡೆಯುವುದು, ನೀರು ಎರಚುವುದು, ಕುರ್ಚಿಯಿಂದ ಉರುಳಿಸಲು ನೋಡುವುದು. ಪೊಲೀಸ್ ಠಾಣೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಇಂಟರ್‌ವಲ್‌ನಲ್ಲಿ ಎಲ್ಲ ಹೇಳಿದೆ. ಸಮುದ್ರದ ನೀರು. ಸತ್ತವನು ತಮ್ಮ. ಗುಂಡು ಹಾರಿಸಿದವನು ಸ್ವಂತ ಮಾವ. ನಂಜುಂಡ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು ಕೇಳಿದ. ಕೊನೆಗೆ, “ನೀನು ನೋಡು, ನಾನು ಹೊರಗೆ ಸೋಫಾದಲ್ಲಿ ಕೂತಿರ್ತೀನಿ” ಅಂದ. ಸಿಟ್ಟಿನಿಂದ ಹೇಳಲಿಲ್ಲ. ನಾನು ಅವನನ್ನು ಪಾಪ್‌ಕಾರ್ನ್ ಕೌಂಟರಿನ ಪಕ್ಕದ ಸೋಫಾದಲ್ಲಿ ಕೂರಿಸಿದೆ. ಕೈಗೆ ಕಾಫಿ ಕೊಟ್ಟೆ.

ಆಮೇಲೆ ಏನು ಮಾಡಿದೆ? ಒಳಗೆ ಹೋಗಿ ಸಿನಿಮಾ ನೋಡಿದೆ. ಹತ್ತು ನಿಮಿಷ ನೋಡಿ ಬರೋಣ ಅಂತಲೇ ಹೋದೆ. ಪೂರ್ತಿ ನೋಡಿದೆ.

ಹೊರಗೆ ಬಂದಾಗ ನಂಜುಂಡನ ಪಕ್ಕದಲ್ಲಿ ಸಫಾಯಿ ಕೆಲಸದ ಹೆಂಗಸು ಪೊರಕೆ ಹಿಡಿದು ನಿಂತಿದ್ದಳು. ಇಬ್ಬರೂ ನಗುತ್ತಿದ್ದರು. ಷೋ ಮುಗಿಯುವುದನ್ನು ಕಾಯುತ್ತಾ ಬಾಗಿಲ ಸಂದಿಯಲ್ಲಿ ನಿಂತು ದಿನಕ್ಕಿಷ್ಟಿಷ್ಟು ನೋಡಿದ ಸಿನಿಮಾವನ್ನು ಅವಳು ಅವನಿಗೆ ಪೂರ್ತಿ ಹೇಳಿ ಮುಗಿಸಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವನು ಕ್ಲೈಮ್ಯಾಕ್ಸ್ ಹೇಳಿದ.

“ಕೊನೇಲಿ ಹೀರೋನ ಅಮ್ಮ ಅಳೋದೇ ಇಲ್ಲವಂತೆ, ಹೌದಾ?”

ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನಾನದನ್ನು ಗಮನಿಸಿಯೇ ಇರಲಿಲ್ಲ. ಆಗ ನನ್ನ ಕುರ್ಚಿ ಅಲುಗಾಡುತ್ತಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಅವನು ಆಫೀಸಿನ ಸುದ್ದಿ ಮಾತಾಡಿದ. ಸಿನಿಮಾ ಸುದ್ದಿ ತೆಗೆಯಲಿಲ್ಲ. ಐಎನ್‌ಎ ಸ್ಟೇಷನ್ ಬಂದಾಗ ಎದ್ದ. ಯಾವಾಗಲೂ ನಾನೂ ಇಳಿದು ಅವನ ಮನೆವರೆಗೆ ಹೋಗಿ, ಚಹಾ ಕುಡಿದು, ಆಮೇಲೆ ಫರೀದಾಬಾದಿನ ನನ್ನ ಮನೆಯ ದಾರಿ ಹಿಡಿಯುವುದು. ಈ ಸಲ “ಇವತ್ತು ಬೇಡ, ನೀನು ಹೋಗು” ಅಂದ. ಬಾಗಿಲು ಮುಚ್ಚಿತು. ಕೋಲು ಆಡಿಸುತ್ತಾ ಅವನು ಜನರ ನಡುವೆ ಹೋದದ್ದನ್ನು ಗಾಜಿನಿಂದ ನೋಡಿದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮನೆಗೆ ಬಂದವನೇ ಈ ವಾರದ ಅಂಕಣ ಬರೆಯಲು ಕೂತೆ. ಆಗ ಬರೆದದ್ದು ಇದಲ್ಲ. ಅದರಲ್ಲಿ ಥಿಯೇಟರಿನವರಿಗೆ ಚೆನ್ನಾಗಿ ಉಗಿದಿದ್ದೆ. ಮ್ಯಾನೇಜರನ್ನು ಬಿಟ್ಟಿರಲಿಲ್ಲ, ಮುಂದಿನ ಸಾಲಿನ ಹುಡುಗಿಯನ್ನೂ ಬಿಟ್ಟಿರಲಿಲ್ಲ. ಕಿವಿ ತೂತು ಮಾಡುವ ಈ ಸೌಂಡು ಗೆಳೆಯರ ನಡುವಿನ ಪಿಸುಮಾತನ್ನು ಕೊಂದಿತು ಅಂತ ಭಾರೀ ವಾಕ್ಯಗಳಿದ್ದವು. ನಾನು ಮರೆತದ್ದು ಇರಲಿಲ್ಲ. ಸೆಕೆಂಡ್ ಹಾಫ್ ನೋಡಿದ್ದಂತೂ ಇರಲೇ ಇಲ್ಲ.

ಪತ್ರಿಕೆಗೆ ಕಳಿಸುವ ಮುಂಚೆ ಪ್ರತಿ ವಾರದ ಹಾಗೆ ನಂಜುಂಡನಿಗೆ ಫೋನ್ ಮಾಡಿ ಓದಿ ಹೇಳಿದೆ. ನಡುವೆ ಎಲ್ಲೂ ಬಾಯಿ ಹಾಕದೆ ಕೇಳಿದ.

ಆಮೇಲೆ ಹೇಳಿದ, “ಸೌಂಡ್‌ನ ಯಾಕೆ ಬೈತೀಯೋ? ಅದು ಅಷ್ಟು ಹೊತ್ತೂ ನನ್ನ ಜೊತೆಗೇ ಇತ್ತಲ್ಲ.”